ಹೆಪ್ಪುಗಟ್ಟಿದ ಸರೋವರದ ಮೇಲೆ ಎರಡು ರಾತ್ರಿ: ಹೋಗಬಹುದಾ, ಬೇಡವಾ?

ಪ್ರಶ್ನೆ: ಡಾಕ್ಟರ್ ಸಾಹೇಬರೇ, ನಮಸ್ಕಾರ. ನಾನು ಭಾಲ್ಕಿ ಕಡೆಯವನು. ಈಗ ಕಲಬುರಗಿಯಲ್ಲಿ ಬ್ಯಾಂಕಿನಲ್ಲಿ ಕೆಲಸ. ವಯಸ್ಸು 41. ನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆ ಇದೆ, ಗುಳಿಗೆ ತಗೊಳ್ಳುತ್ತೇನೆ. ನನ್ನ ಸಣ್ಣಂದಿನ ದೋಸ್ತ್ ಮೂರು ವರ್ಷದಿಂದ ಕೆನಡಾದ ವಿನ್ನಿಪೆಗ್‌ನಲ್ಲಿದ್ದಾನೆ. ಹುಡುಗರಿದ್ದಾಗ ಇಬ್ಬರೂ ಕಾರಂಜಾ ಹಿನ್ನೀರಿನಲ್ಲಿ ಗಾಳ ಹಾಕಿ ಕೂರುತ್ತಿದ್ದೆವು. ಬರುವ ಫೆಬ್ರುವರಿಯಲ್ಲಿ ಅವನ ಹತ್ತಿರ ಹೋಗುತ್ತಿದ್ದೇನೆ. ವಿನ್ನಿಪೆಗ್ ಸರೋವರದ ಮೇಲೆ, ಊರು ಮನೆ ಇಲ್ಲದ ಕಡೆ, ಐಸ್ ಮೇಲೇ ಟೆಂಟ್ ಹಾಕಿ ಎರಡು ರಾತ್ರಿ ಉಳಿದು ಮೀನು ಹಿಡಿಯೋಣ ಅನ್ನುತ್ತಾನೆ. ಅವನು ಹಗಲಲ್ಲಿ ಎರಡು ಸಲ ಬೇರೆಯವರ ಜೊತೆ ಹೋಗಿದ್ದಾನೆ, ರಾತ್ರಿ ಉಳಿದಿಲ್ಲ. "ಐಸ್ ಎರಡಡಿ ದಪ್ಪ ಇರ್ತದ, ಮ್ಯಾಲ ಟ್ರಕ್ ಓಡ್ತಾವ. ಟೆಂಟಿನ್ಯಾಗ ಗ್ಯಾಸ್ ಹೀಟರ್ ಇರ್ತದ. ಎರಡು ಪೆಗ್ ಬ್ರಾಂದಿ ಹಾಕಿದ್ರ ಚಳಿ ಹತ್ರ ಬರಂಗಿಲ್ಲ" ಅಂತಾನೆ. ನಾನು ಕುಡಿಯುವುದಿಲ್ಲ. ಬಾವಿಯಲ್ಲಿ ಈಜು ಕಲಿತವನು, ಚೆನ್ನಾಗಿ ಈಜುತ್ತೇನೆ. ಆದರೆ ಅವ್ವ ತುಂಬಾ ಹೆದರಿದ್ದಾಳೆ. ಹೋಗಬಹುದಾ? ಐಸ್ ಒಡೆದರೆ ಏನು ಗತಿ? ಸಕ್ಕರೆ ಕಾಯಿಲೆಗೆ ತೊಂದರೆ ಇದೆಯಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಹೆಚ್ಚು ಕೇಳಿದ್ದು ಐಸ್ ಬಗ್ಗೆ. ನನ್ನ ಕಣ್ಣು ನಿಂತಿದ್ದು "ರಾತ್ರಿ ಉಳಿದಿಲ್ಲ" ಎಂಬ ಎರಡು ಪದದ ಮೇಲೆ. ನೀವೂ ಹೊಸಬರು, ನಿಮ್ಮ ದೋಸ್ತೂ ಹೊಸಬರು. ಈ ಪ್ರವಾಸದ ನಿಜವಾದ ತೊಂದರೆ ಅಲ್ಲಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ನಾನು ವಿನ್ನಿಪೆಗ್‌ನ ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ವಿಭಾಗದಲ್ಲಿ 9 ವರ್ಷ ಕೆಲಸ ಮಾಡಿ ಕಲಬುರಗಿಗೆ ಮರಳಿದವನು. ಆ ಸರೋವರದ ಮೇಲೆ ನಾನೂ ಗಾಳ ಹಾಕಿದ್ದೇನೆ. ಆ ಬಿಳಿ ಬಯಲು, ಆ ಮೌನ, ಐಸ್‌ನಲ್ಲಿ ಕೊರೆದ ತೂತಿನೊಳಗಿಂದ ಮೀನು ಮೇಲೆ ಬರುವ ಆ ಗಳಿಗೆ, ಇವೆಲ್ಲ ಜೀವನದಲ್ಲಿ ಒಮ್ಮೆ ನೋಡಬೇಕಾದದ್ದು. ಹಾಗಾಗಿ ಹೋಗಲೇಬೇಡಿ ಎನ್ನುವವನು ನಾನಲ್ಲ. ಆದರೆ ನಿಮ್ಮ ದೋಸ್ತ್ ಹಾಕಿದ ಪ್ಲಾನ್ ಇದ್ದ ಹಾಗೇ ಬೇಡ.

ಮೊದಲು ಜಾಗದ ಅಂದಾಜು ಇರಲಿ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆ ಸೇರಿಸಿದರೂ ವಿನ್ನಿಪೆಗ್ ಸರೋವರವೇ ದೊಡ್ಡದು, ಸುಮಾರು 24,500 ಚದರ ಕಿಲೋಮೀಟರ್. ಮೂರು ಜಿಲ್ಲೆಯಷ್ಟು ಜಾಗದಲ್ಲಿ ಒಂದು ಮರ ಇಲ್ಲ, ಒಂದು ಗೋಡೆ ಇಲ್ಲ ಎಂದುಕೊಳ್ಳಿ. ಗಾಳಿಗೆ ಅಡ್ಡ ಏನೂ ಇಲ್ಲ. ಬೀದರಿನಲ್ಲಿ ಡಿಸೆಂಬರ್ ರಾತ್ರಿ 10 ಡಿಗ್ರಿಗಿಂತ ಕೆಳಗೆ ಇಳಿದರೆ ನಾವು ಮುಖಕ್ಕೆ ಟವೆಲ್ ಸುತ್ತಿಕೊಳ್ಳುತ್ತೇವೆ. ಅಲ್ಲಿ ಫೆಬ್ರುವರಿ ರಾತ್ರಿ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಹೋಗುವುದು ಮಾಮೂಲು. ಥರ್ಮಾಮೀಟರ್ ಮೈನಸ್ 25 ತೋರಿಸುವಾಗ ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸಿದರೆ ಚರ್ಮಕ್ಕೆ ಅದು ಮೈನಸ್ 39ರ ಹಾಗೆ ತಾಗುತ್ತದೆ. ಅಂಥ ಗಾಳಿಯಲ್ಲಿ ಮುಚ್ಚದೆ ಬಿಟ್ಟ ಚರ್ಮ 10ರಿಂದ 30 ನಿಮಿಷದಲ್ಲಿ ಹೆಪ್ಪುಗಟ್ಟಬಹುದು.

ಈಗ ಐಸ್. ಎರಡಡಿ ದಪ್ಪ ಅನ್ನುವುದು ಸುಳ್ಳಲ್ಲ. ಫೆಬ್ರುವರಿಯಲ್ಲಿ ಆ ಸರೋವರದ ಬಹುಪಾಲು ಕಡೆ ಅಷ್ಟು ಇರುತ್ತದೆ, ಟ್ರಕ್ ಓಡುವುದೂ ನಿಜ. ಒಬ್ಬ ಮನುಷ್ಯ ನಡೆಯಲು ಗಟ್ಟಿ, ತಿಳಿ ಐಸ್ 4 ಇಂಚು ಬೇಕು ಎಂದು ಅಮೆರಿಕದ ಮಿನ್ನೆಸೋಟ ರಾಜ್ಯದವರು ಹೇಳುತ್ತಾರೆ. ಕೆನಡಾದ ರೆಡ್ ಕ್ರಾಸ್ 15 ಸೆಂಟಿಮೀಟರ್, ಅಂದರೆ 6 ಇಂಚು ಎನ್ನುತ್ತದೆ. ನೀವು 6 ಅನ್ನೇ ಹಿಡಿಯಿರಿ. ತೊಂದರೆ ಏನೆಂದರೆ ಐಸ್ ಸಿಮೆಂಟ್ ಸ್ಲ್ಯಾಬ್ ಹಾಗೆ ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲ. ನದಿ ಬಂದು ಸೇರುವ ಬಾಯಿಯಲ್ಲಿ, ಸರೋವರ ನಡುವೆ ಸೊಂಟದ ಹಾಗೆ ಸಣ್ಣಗಾಗುವ ಕಡೆ, ಒಳಗೆ ನೀರಿನ ಸೆಳೆತ ಇರುತ್ತದೆ. ಅಲ್ಲಿ ಐಸ್ ತೆಳ್ಳಗೆ. ಎರಡು ಐಸ್ ಹಾಳೆಗಳು ಒತ್ತಿಕೊಂಡು ದಿಬ್ಬದ ಹಾಗೆ ಮೇಲೆದ್ದ ಕಡೆ ಬುಡದಲ್ಲಿ ತೆರೆದ ನೀರೂ ಇರಬಹುದು. ಬಣ್ಣವನ್ನೂ ನೋಡಬೇಕು. ನೀಲಿ ಛಾಯೆಯ ತಿಳಿ ಐಸ್ ಗಟ್ಟಿ. ಹಿಮ ನೆನೆದು ಗಟ್ಟಿಯಾದ ಬಿಳಿ ಐಸ್‌ಗೆ ಅದರ ಅರ್ಧದಷ್ಟೇ ಬಲ, ಹಾಗಾಗಿ ಎರಡು ಪಟ್ಟು ದಪ್ಪ ಬೇಕು. ಮೇಲೆ ಹಿಮ ಜಾಸ್ತಿ ಬಿದ್ದರೆ ಐಸ್ ಗಟ್ಟಿ ಅಂತ ಹಲವರು ತಿಳಿಯುತ್ತಾರೆ. ಆಗುವುದು ಉಲ್ಟಾ. ಹಿಮ ಕಂಬಳಿಯ ಹಾಗೆ ಹೊದ್ದು, ಕೆಳಗಿನ ನೀರು ಗಟ್ಟಿಯಾಗುವುದನ್ನು ತಡೆಯುತ್ತದೆ.

ಅಲ್ಲಿಯ ಹಳಬರು ಕೈಯಲ್ಲಿ ಒಂದು ಕಬ್ಬಿಣದ ಸರಳು ಹಿಡಿದೇ ನಡೆಯುತ್ತಾರೆ, ನಮ್ಮ ಹಾರೆಯ ಹಾಗೆ. ಹೆಜ್ಜೆ ಇಡುವ ಮೊದಲು ಮುಂದೆ ಜೋರಾಗಿ ಕುಟ್ಟುತ್ತಾರೆ. ಅಲ್ಲಲ್ಲಿ ಡ್ರಿಲ್ ಹಾಕಿ ಅಳೆಯುತ್ತಾರೆ. ನಿಮ್ಮ ದೋಸ್ತ್ ಹಗಲಲ್ಲಿ ಹೋಗಿದ್ದು ಯಾರೋ ಮೊದಲೇ ಅಳೆದು, ಗಾಡಿ ಓಡಿ ದಾರಿಯಾದ ಕಡೆ ಇರಬೇಕು. ಊರು ಮನೆ ಇಲ್ಲದ ಕಡೆ ಆ ದಾರಿ ಇರುವುದಿಲ್ಲ.

ಒಂದು ವಿಷಯಕ್ಕೆ ಮಾತ್ರ ಹೆದರಬೇಡಿ. ರಾತ್ರಿ ಐಸ್ ಗುಡುಗುತ್ತದೆ. ನಿಜವಾಗಿ ಗುಡುಗಿದ ಹಾಗೇ. ಮೊದಲ ಸಲ ಕೇಳಿದಾಗ ನಾನು ಗಾಳ ಬಿಟ್ಟು ಓಡಿದ್ದೆ. ಚಳಿ ಏರಿಳಿದಾಗ ಐಸ್ ಹಿಗ್ಗಿ ಕುಗ್ಗಿ ಮಾಡುವ ಶಬ್ದ ಅದು. ಅಷ್ಟರಿಂದಲೇ ಐಸ್ ಒಡೆಯಿತು ಎಂದಲ್ಲ.

ಇನ್ನು ಈಜು. ಇಲ್ಲಿ ನಿಮ್ಮ ಧೈರ್ಯ ನಿಮಗೆ ಮೋಸ ಮಾಡಬಹುದು. ಬಾವಿಯ ನೀರು ನಿಮ್ಮನ್ನು ತಂಪು ಮಾಡುತ್ತದೆ, ಐಸ್ ಕೆಳಗಿನ ನೀರು ಉಸಿರು ಕಸಿಯುತ್ತದೆ. ಮೈ ನೀರಿಗೆ ಬಿದ್ದ ಕ್ಷಣ ಬಾಯಿ ತಾನಾಗಿ ತೆರೆದು ದೊಡ್ಡ ಉಸಿರು ಎಳೆದುಕೊಳ್ಳುತ್ತದೆ. ತಲೆ ಆಗ ನೀರೊಳಗಿದ್ದರೆ ಅಲ್ಲೇ ಮುಗಿಯಿತು. ಅದಕ್ಕೆ ಈಜು ಗೊತ್ತಿರಲಿ, ಇಲ್ಲದಿರಲಿ, ಒಂದೇ. 2022ರ ಡಿಸೆಂಬರ್ 26ರಂದು ಅಮೆರಿಕದ ಅರಿಜೋನಾದಲ್ಲಿ ವುಡ್ಸ್ ಕ್ಯಾನಿಯನ್ ಎಂಬ ಹೆಪ್ಪುಗಟ್ಟಿದ ಕೆರೆಯ ಮೇಲೆ ನಡೆಯುವಾಗ ಐಸ್ ಒಡೆದು ಮೂವರು ತೀರಿಕೊಂಡರು. ನಮ್ಮ ಪಕ್ಕದ ಆಂಧ್ರದಿಂದ ಹೋಗಿ ನೆಲೆಸಿದವರು. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ.

ಮ್ಯಾನಿಟೋಬಾ ವಿಶ್ವವಿದ್ಯಾಲಯದ ಪ್ರೊಫೆಸರ್ ಗಾರ್ಡನ್ ಗೀಸ್‌ಬ್ರೆಕ್ಟ್ ಅವರು ತಮ್ಮ ಮೈಯನ್ನೇ ಹಲವು ಸಲ ತಣ್ಣೀರಿಗೆ ಒಡ್ಡಿ ಈ ವಿಷಯ ಓದಿದವರು. ಅವರು ಕಲಿಸುವ ಲೆಕ್ಕ 1-10-1. ಮೊದಲ 1 ನಿಮಿಷ ಉಸಿರು ಹತೋಟಿಗೆ ತರಲು. ಆಮೇಲೆ 10 ನಿಮಿಷ ಕೈಕಾಲು ನಿಮ್ಮ ಮಾತು ಕೇಳುತ್ತವೆ. ಪ್ರಜ್ಞೆ ತಪ್ಪಲು ಸುಮಾರು 1 ಗಂಟೆ ಬೇಕು. ಬಿದ್ದವರು ಒಂದೆರಡು ನಿಮಿಷದಲ್ಲೇ ಚಳಿಗೆ ಸಾಯುತ್ತಾರೆ ಎನ್ನುವುದು ತಪ್ಪು ತಿಳಿವಳಿಕೆ. ಆ ತಿಳಿವಳಿಕೆಯಿಂದಲೇ ಜನ ಗಾಬರಿಯಾಗಿ ಒದ್ದಾಡಿ ಮುಳುಗುತ್ತಾರೆ.

ಹಾಗಾಗಿ ಬಿದ್ದರೆ ಮೊದಲು ಏನೂ ಮಾಡಬೇಡಿ. ಐಸ್ ಅಂಚು ಹಿಡಿದು ಉಸಿರು ಸರಿಹೋಗಲು ಬಿಡಿ. ಬಟ್ಟೆ ಬಿಚ್ಚಬೇಡಿ. ಒಳಗಿನ ಗಾಳಿ ಸ್ವಲ್ಪ ಹೊತ್ತು ತೇಲಿಸುತ್ತದೆ. ನೀವು ಬಂದ ದಿಕ್ಕಿಗೆ ತಿರುಗಿ, ಯಾಕೆಂದರೆ ಅಲ್ಲಿಯವರೆಗೆ ಐಸ್ ನಿಮ್ಮನ್ನು ಹೊತ್ತಿತ್ತು. ಎರಡೂ ಮೊಳಕೈ ಮೇಲಿಡಿ. ಕಾಲು ಹಿಂದಕ್ಕೆ ಚಾಚಿ ಜೋರಾಗಿ ಬಡಿಯಿರಿ, ಮೈ ಅಡ್ಡ ಮಲಗಿದ ಹಾಗೆ ಆಗಬೇಕು. ಆಗ ಮುಂದಕ್ಕೆ ಎಳೆದುಕೊಳ್ಳಿ. ಇದಕ್ಕೆಂದೇ ಹಿಡಿಕೆಗೆ ಮೊಳೆ ಕೂರಿಸಿದ ಎರಡು ಚುಚ್ಚುಗ ದಾರದಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಳ್ಳುವುದು ಅಲ್ಲಿ ವಾಡಿಕೆ. ಬೆಲೆ ಕಡಿಮೆ, ಇಬ್ಬರ ಕೊರಳಲ್ಲೂ ಇರಲೇಬೇಕು. ಬ್ಯಾಗಿನಲ್ಲಿಟ್ಟರೆ ಸುಮ್ನೆ ದಂಡ. ಮೇಲೆ ಬಂದ ಮೇಲೆ ಎದ್ದು ನಿಲ್ಲಬೇಡಿ, ಉರುಳಿ ದೂರ ಹೋಗಿ. ಹತ್ತಲು ಆಗಲೇ ಇಲ್ಲವೆಂದರೆ ಎರಡೂ ತೋಳು ಐಸ್ ಮೇಲೆ ಚಾಚಿ ಅಲುಗಾಡದೆ ಇರಿ. ಒದ್ದೆ ತೋಳು ಐಸ್‌ಗೆ ಅಂಟಿಕೊಂಡು, ಪ್ರಜ್ಞೆ ತಪ್ಪಿದರೂ ತಲೆ ಮೇಲೇ ಉಳಿಯುತ್ತದೆ. ಇನ್ನೊಬ್ಬರು ಓಡಿ ಬಂದು ಕೈ ಕೊಡಬಾರದು. ದೂರದಲ್ಲೇ ಮಲಗಿ ಹಗ್ಗ ಎಸೆಯಬೇಕು. ದೋಸ್ತಿಯಲ್ಲಿ ಓಡಿ ಬಂದು ಇಬ್ಬರೂ ಹೋದ ಕಥೆಗಳು ಅಲ್ಲಿ ಬೇಕಾದಷ್ಟಿವೆ.

ಇಷ್ಟೆಲ್ಲ ಹೇಳಿದ ಮೇಲೂ, ನಿಮ್ಮ ಪ್ರವಾಸದಲ್ಲಿ ನನಗೆ ಐಸ್‌ಗಿಂತ ಜಾಸ್ತಿ ಭಯ ಆ ಟೆಂಟಿನ ಹೀಟರ್ ಬಗ್ಗೆ.

ಬಚ್ಚಲುಮನೆಯ ಗ್ಯಾಸ್ ಗೀಸರ್‌ನಿಂದ ಜನ ಸತ್ತ ಸುದ್ದಿ ನೀವೂ ಓದಿರುತ್ತೀರಿ. ಚಳಿಗಾಲದಲ್ಲಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಇದ್ದಿಲ ಬೆಂಕಿ ಇಟ್ಟು ಮಲಗಿದವರು ಬೆಳಿಗ್ಗೆ ಏಳದ ಸುದ್ದಿಯನ್ನೂ. ಎರಡರಲ್ಲೂ ಕೊಲ್ಲುವುದು ಕಾರ್ಬನ್ ಮಾನಾಕ್ಸೈಡ್. ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ಓಕರಿಕೆ, ಮಂಪರು. ಒಂದು ಬೆಳಿಗ್ಗೆ ಐಸ್ ಮೇಲಿನ ಟೆಂಟಿನಿಂದ ಇಬ್ಬರು ಹುಡುಗರನ್ನು ನಮ್ಮ ವಿಭಾಗಕ್ಕೆ ತಂದರು. ರಾತ್ರಿ ತಲೆನೋವು ಬಂದಿತ್ತು. ಕುಡಿದದ್ದು ಜಾಸ್ತಿಯಾಯಿತು ಎಂದುಕೊಂಡು ಮಲಗಿದ್ದರು. ಪಕ್ಕದ ಗುಡಾರದವನು ಬೆಳಿಗ್ಗೆ ಚಹಾ ಕೊಡಲು ಬಂದಿದ್ದರಿಂದ ಬದುಕಿದರು. ನೀವು ಹೋಗುವ ಕಡೆ ಪಕ್ಕದ ಗುಡಾರ ಇಲ್ಲ.

ಹೀಟರ್ ಬಳಸುವುದಾದರೆ ಎಚ್ಚರ ಇರುವಾಗ ಮಾತ್ರ. ಟೆಂಟಿನ ಕೆಳಗೊಂದು, ಮೇಲೊಂದು ಗಾಳಿಕಿಂಡಿ ತೆರೆದಿರಬೇಕು. ಹಿಮ ಬಿದ್ದು ಅವು ಮುಚ್ಚಿಲ್ಲವೇ ಎಂದು ಆಗಾಗ ನೋಡಬೇಕು. ಬ್ಯಾಟರಿಯ ಕಾರ್ಬನ್ ಮಾನಾಕ್ಸೈಡ್ ಅಲಾರಂ ಬೇಕು. ಆದರೆ ಅದನ್ನೊಂದೇ ನಂಬಬೇಡಿ, ಕಡು ಚಳಿಗೆ ಬ್ಯಾಟರಿ ಕೈಕೊಡುತ್ತದೆ. ಮಲಗುವ ಮೊದಲು ಹೀಟರ್ ಆರಿಸಬೇಕು. ಆಮೇಲೆ ಬೆಚ್ಚಗಿಡುವುದು ಮೈನಸ್ 30ಕ್ಕೆ ಮಾಡಿದ ಮಲಗುಚೀಲ ಮತ್ತು ಕೆಳಗಿನ ದಪ್ಪ ಫೋಮ್ ಹಾಸಿಗೆ. ಮೇಲೆ ಎಷ್ಟು ಹೊದ್ದರೂ ಕೆಳಗಿನ ಐಸ್ ಮೈಯ ಬಿಸಿ ಹೀರಿಬಿಡುತ್ತದೆ, ಹಾಸಿಗೆಗೆ ಜಿಪುಣತನ ಬೇಡ. ಇನ್ನೊಂದು ವಿಷಯ. ಗ್ಯಾಸ್ ಉರಿದಾಗ ನೀರಿನ ಆವಿಯೂ ಹುಟ್ಟುತ್ತದೆ. ಅದು ಟೆಂಟಿನ ಬಟ್ಟೆಗೆ ಅಂಟಿ, ಹನಿಯಾಗಿ ಹೊದಿಕೆಯ ಮೇಲೆ ಬೀಳುತ್ತದೆ. ಎರಡನೇ ರಾತ್ರಿಯ ಚಳಿ ಮೊದಲನೆಯದಕ್ಕಿಂತ ಜಾಸ್ತಿ ಕಾಡುವುದು ಹೀಗೆ.

ಬ್ರಾಂದಿ. ನೀವು ಕುಡಿಯುವುದಿಲ್ಲ, ಅದು ಒಳ್ಳೆಯದಾಯಿತು. ಅಲ್ಲಿ ಹೋಗಿ ದೋಸ್ತ್ ಒತ್ತಾಯಕ್ಕೆ ಶುರು ಮಾಡಬೇಡಿ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಬಿಸಿ ರಕ್ತ ಹೊರಗೆ ಬರುತ್ತದೆ, ಮುಖ ಬೆಚ್ಚಗಾದ ಹಾಗೆ ಅನಿಸುತ್ತದೆ. ಆದರೆ ಆ ಬಿಸಿ ಹೃದಯ, ಮೆದುಳಿನಿಂದ ಕಳೆದು ಗಾಳಿಗೆ ಹೋಯಿತು. ನಡುಕವೂ ಕಡಿಮೆಯಾಗುತ್ತದೆ. ನಡುಕ ಮೈಯ ಒಲೆ. ಅದು ತಾನಾಗಿ ನಿಂತು, ಮಾತು ತೊದಲಿ, ಕೈಯಿಂದ ಜಿಪ್ ಎಳೆಯಲು ಬಾರದೆ ಹೋದರೆ ಪರಿಸ್ಥಿತಿ ಕೆಟ್ಟಿತು ಎಂದರ್ಥ. ಅಂಥವರನ್ನು ಒದ್ದೆ ಬಟ್ಟೆ ತೆಗೆದು, ಮಲಗಿಸಿ, ಎದೆ ಹೊಟ್ಟೆಯ ಭಾಗ ನಿಧಾನಕ್ಕೆ ಬೆಚ್ಚಗೆ ಮಾಡಬೇಕು. ಕೈಕಾಲು ತಿಕ್ಕಬಾರದು. ಹೆಪ್ಪುಗಟ್ಟಿದ ಬೆರಳನ್ನು ಹಿಮದಿಂದ ಉಜ್ಜುವುದಂತೂ ಹಳೆಯ, ತುಂಬಾ ಕೆಟ್ಟ ಸಲಹೆ. ಚರ್ಮ ಕಿತ್ತುಬರುತ್ತದೆ. ಮತ್ತೆ ಹೆಪ್ಪುಗಟ್ಟುವ ಸಂಭವ ಇದ್ದರೆ ಅಲ್ಲಿ ಬಿಸಿ ಮಾಡಲೇಬೇಡಿ, ಮುಚ್ಚಿಕೊಂಡು ಆಸ್ಪತ್ರೆಗೆ ಬನ್ನಿ.

ಈಗ ನಿಮ್ಮ ಸಕ್ಕರೆ. ನೀವು ಇದನ್ನು ಕೊನೆಗೆ ಕೇಳಿದ್ದೀರಿ, ನಾನಾಗಿದ್ದರೆ ಮೊದಲು ಕೇಳುತ್ತಿದ್ದೆ. ನಾಲ್ಕು ವರ್ಷದ ಸಕ್ಕರೆಗೆ ಕೆಲವರ ಪಾದದ ಸ್ಪರ್ಶ ಅವರಿಗೇ ತಿಳಿಯದ ಹಾಗೆ ಕಡಿಮೆಯಾಗಿರುತ್ತದೆ. ಚಳಿಗೆ ಬೆರಳು ಮೊದಲು ಚುರುಗುಟ್ಟಿ ಎಚ್ಚರಿಸುತ್ತದೆ. ಆ ಎಚ್ಚರಿಕೆ ನಿಮಗೆ ಕೇಳಿಸದೆ ಹೋಗಬಹುದು. ಅಂಥ ಒಬ್ಬರ ಎರಡು ಬೆರಳು ಹೋದದ್ದು ನನ್ನ ಕಣ್ಣೆದುರಿಗೇ. ಬೂಟು ಬಿಚ್ಚುವವರೆಗೆ ಅವರಿಗೆ ಗೊತ್ತೇ ಇರಲಿಲ್ಲ. ಟಿಕೆಟ್ ಬುಕ್ ಮಾಡುವ ಮೊದಲು ನಿಮ್ಮ ಡಾಕ್ಟರ ಹತ್ತಿರ ಪಾದದ ಪರೀಕ್ಷೆ ಮಾಡಿಸಿ. ತೆಳು ನೈಲಾನ್ ಎಳೆಯಿಂದ ಪಾದ ಮುಟ್ಟಿ ನೋಡುತ್ತಾರೆ, ಐದು ನಿಮಿಷದ ಕೆಲಸ. ಸ್ಪರ್ಶ ಕಡಿಮೆ ಇದ್ದರೆ ಐಸ್ ಮೇಲೆ ರಾತ್ರಿ ಬೇಡ. ಇದರಲ್ಲಿ ಚೌಕಾಶಿ ಇಲ್ಲ.

ಗುಳಿಗೆಯ ಹೆಸರು ಬರೆದಿಲ್ಲ. ಬರೀ ಮೆಟ್‌ಫಾರ್ಮಿನ್ ಆದರೆ ಸಕ್ಕರೆ ಕುಸಿಯುವ ಭಯ ಕಡಿಮೆ. ಗ್ಲಿಮೆಪಿರೈಡ್ ಥರದ್ದಾದರೆ ಹೊತ್ತಿಗೆ ಊಟ ಆಗಲೇಬೇಕು. ಚಳಿಯಲ್ಲಿ ನಡೆದು, ನಡುಗಿ, ಹಿಮ ಸರಿಸಿ ಮೈ ಸಕ್ಕರೆಯನ್ನು ಬೇಗ ಉರಿಸುತ್ತದೆ. ಸಕ್ಕರೆ ಕುಸಿದಾಗಲೂ ನಡುಕ, ತೊದಲು. ಚಳಿ ಹತ್ತಿದಾಗಲೂ ಅದೇ. ದೋಸ್ತ್‌ಗೆ ವ್ಯತ್ಯಾಸ ತಿಳಿಯುವುದಿಲ್ಲ, ಆದ್ದರಿಂದ ಅವರಿಗೆ ಮೊದಲೇ ಹೇಳಿಡಿ. ಗ್ಲುಕೋಮೀಟರ್ ಮತ್ತು ಪಟ್ಟಿಗಳನ್ನು ಒಳಜೇಬಿನಲ್ಲಿ, ಮೈಗೆ ತಾಗಿಸಿ ಇಡಿ. ತಣ್ಣಗಾದರೆ ಅವು ಕೆಲಸ ಮಾಡುವುದಿಲ್ಲ, ಮಾಡಿದರೂ ನಂಬಲಾಗದು. ಮತ್ತೆ ನೀರು ಕುಡಿಯಿರಿ. ಆ ಚಳಿಯಲ್ಲಿ ಹೊರಗೆ ಹೋಗಬೇಕಲ್ಲ ಎಂದು ಜನ ನೀರೇ ಬಿಡುತ್ತಾರೆ. ಬಾಟಲಿಯನ್ನು ತಲೆಕೆಳಗಾಗಿ ಇಡಿ. ನೀರು ಮೇಲಿನಿಂದ ಹೆಪ್ಪುಗಟ್ಟುವುದರಿಂದ ಮುಚ್ಚಳ ಸಿಕ್ಕಿಕೊಳ್ಳುವುದಿಲ್ಲ.

ಬಟ್ಟೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ದೋಸ್ತ್‌ಗೆ ಮೂರು ಚಳಿಗಾಲದ ಅನುಭವ ಇದೆ. ಹತ್ತಿ ಬನಿಯನ್ ಮಾತ್ರ ಮನೆಯಲ್ಲಿ ಬಿಡಿ. ಬೆವರು ಹೀರಿ ಒದ್ದೆಯಾಗಿ ಮೈಗೆ ಅಂಟುತ್ತದೆ. ನಮ್ಮ ಕುರಿಗಾಹಿಗಳು ಮಳೆಯಲ್ಲೂ ಕಂಬಳಿ ಬಿಡುವುದಿಲ್ಲ, ಅಲ್ವಾ? ಉಣ್ಣೆ ನೆನೆದರೂ ಸ್ವಲ್ಪ ಬಿಸಿ ಉಳಿಸುತ್ತದೆ. ಬೂಟು ಬಿಗಿ ಇರಬಾರದು. ಎರಡು ಕಾಲುಚೀಲ ತುರುಕಿ ಬಿಗಿ ಮಾಡಿದರೆ ರಕ್ತ ಓಡದೆ ಕಾಲು ಇನ್ನೂ ಬೇಗ ತಣ್ಣಗಾಗುತ್ತದೆ.

ಹಾಗಾದರೆ ಏನು ಮಾಡಬಹುದು? ನನ್ನ ಮನಸ್ಸಿಗೆ ಒಪ್ಪುವುದು ಇದು. ದಡದ ಮೇಲೆ ಬಿಸಿ ವ್ಯವಸ್ಥೆಯ ಕ್ಯಾಬಿನ್ ಬಾಡಿಗೆಗೆ ತೆಗೆದುಕೊಳ್ಳಿ. ಹಗಲು ಸ್ಥಳೀಯ ಗೈಡ್ ಜೊತೆ ಐಸ್ ಮೇಲೆ ಹೋಗಿ, ರಾತ್ರಿ ಕ್ಯಾಬಿನ್ನಿಗೆ ಬನ್ನಿ. ಮೀನು ಅಷ್ಟೇ ಸಿಗುತ್ತದೆ. ಐಸ್ ಕೆಳಗಿನ ನೀರು ಹೆಪ್ಪುಗಟ್ಟದೆ ಉಳಿಯುವುದರಿಂದ ಮೀನು ಕೆಳಗೆ ಬದುಕಿರುತ್ತವೆ, ಆದರೆ ನಿಧಾನ. ಅಲ್ಲಿಯವರು ಪಿಕರೆಲ್ ಎಂದು ಕರೆಯುವ ವಾಲ್‌ಐ ಮೀನು ಮುಂಜಾನೆ, ಸಂಜೆ ಬೆಳಕು ಮಬ್ಬಾದಾಗ ಚೆನ್ನಾಗಿ ಕಚ್ಚುತ್ತದೆ. ಮೀನಿಗಾಗಿ ರಾತ್ರಿ ಐಸ್ ಮೇಲೆ ಇರಬೇಕಾಗಿಲ್ಲ. ಲೈಸೆನ್ಸ್ ಮಾತ್ರ ಇಬ್ಬರಿಗೂ ಬೇಕು.

ಐಸ್ ಮೇಲೇ ರಾತ್ರಿ ಕಳೆಯುವ ಆಸೆ ಬಿಡಲಾಗದಿದ್ದರೆ, ಹೊಗೆ ಕೊಳವೆ ಇರುವ ಒಲೆ, ಮಂಚ ಇರುವ ಮರದ ಗುಡಿಸಲನ್ನು ಬಾಡಿಗೆ ಕೊಡುವವರು ಇದ್ದಾರೆ. ಅಂಥದ್ದರಲ್ಲಿ ಒಂದು ರಾತ್ರಿ. ಸುತ್ತ ಬೇರೆ ಗುಡಿಸಲುಗಳಿರುವ ಕಡೆ. ಅಲ್ಲೂ ಅಲಾರಂ ಬೇಕು. ಬರೀ ಟೆಂಟ್, ನಿರ್ಜನ ಜಾಗ, ಎರಡು ರಾತ್ರಿ ಎನ್ನುವುದನ್ನು ಐಸ್ ಮೇಲೆ ಹಲವು ರಾತ್ರಿ ಕಳೆದ ಮೂರನೆಯವರು ಜೊತೆಗಿದ್ದರೆ ಮಾತ್ರ ಯೋಚಿಸಿ. ಜೊತೆಗೆ ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ ಇರಲಿ. ಮೊಬೈಲ್‌ಗೆ ಅಲ್ಲಿ ಸಿಗ್ನಲ್ ಸಿಗದಿರಬಹುದು, ಚಳಿಗೆ ಬ್ಯಾಟರಿಯೂ ನಿಲ್ಲುವುದಿಲ್ಲ. ಎಲ್ಲಿಗೆ ಹೋಗುತ್ತೀರಿ, ಎಷ್ಟು ಗಂಟೆಗೆ ಮರಳುತ್ತೀರಿ, ಬರದಿದ್ದರೆ ಯಾವಾಗ ಅಲ್ಲಿಯ ತುರ್ತು ಸಹಾಯದ ನಂಬರ್ 911ಕ್ಕೆ ಫೋನ್ ಮಾಡಬೇಕು ಎಂದು ಬರೆದು ವಿನ್ನಿಪೆಗ್‌ನಲ್ಲಿರುವ ಒಬ್ಬರ ಕೈಗೆ ಕೊಡಿ. ಪ್ರಯಾಣದ ವಿಮೆ ಮಾಡಿಸುವಾಗ ಸಕ್ಕರೆ ಕಾಯಿಲೆಯನ್ನು ಮುಚ್ಚಿಡಬೇಡಿ. ಅಲ್ಲಿ ಪ್ರವಾಸಿಯ ಆಸ್ಪತ್ರೆ ಬಿಲ್ ತುಂಬಾ ದೊಡ್ಡದು.

ಈಗ ಆ ಎರಡು ಪದಕ್ಕೆ ಬರುತ್ತೇನೆ. ಇಬ್ಬರು ಹಳೆಯ ದೋಸ್ತರು, ಇಬ್ಬರೂ ಹೊಸಬರು. ಗಾಳಿ ಎದ್ದಿದೆ. ನಿಮಗೆ ಒಳಗೊಳಗೇ ಭಯ. ಆದರೆ ಅವನು ಇಷ್ಟೆಲ್ಲ ಖರ್ಚು ಮಾಡಿ ಕರೆತಂದಿದ್ದಾನೆ, ಹೇಗೆ ಹೇಳಲಿ ಎಂದು ನೀವು ಸುಮ್ಮನಿರುತ್ತೀರಿ. ಅವರಿಗೂ ಭಯ. ಅಷ್ಟು ದೂರದಿಂದ ಬಂದವನಿಗೆ ನಿರಾಸೆ ಮಾಡಬಾರದು ಎಂದು ಅವರೂ ಸುಮ್ಮನೆ. ಹೀಗೆ ಒಬ್ಬರ ಮುಖ ಇನ್ನೊಬ್ಬರು ನೋಡುತ್ತಾ ಮರಳುವ ಹೊತ್ತು ದಾಟಿಹೋಗುತ್ತದೆ. ಆಸ್ಪತ್ರೆಯಲ್ಲಿ ಬದುಕಿ ಉಳಿದವರು ನನಗೆ ಹೇಳಿದ ಮಾತು ಎಷ್ಟೋ ಸಲ ಇದೇ: "ನನಗೆ ಅನಿಸಿತ್ತು, ಹೇಳಲಿಲ್ಲ."

ಇವತ್ತೇ ಫೋನ್ ಮಾಡಿ ಒಂದು ಕರಾರು ಮಾಡಿಕೊಳ್ಳಿ. ಇಬ್ಬರಲ್ಲಿ ಯಾರು "ಸಾಕು" ಎಂದರೂ ಆ ಕ್ಷಣ ಸಾಮಾನು ಕಟ್ಟಿ ಹೊರಡುವುದು. ಕಾರಣ ಕೇಳುವ ಹಾಗಿಲ್ಲ, ಆಮೇಲೆ ಹಂಗಿಸುವ ಹಾಗೂ ಇಲ್ಲ. ಅದೇ ಫೋನಿನಲ್ಲಿ ಕ್ಯಾಬಿನ್ ಮಾತನ್ನೂ ಎತ್ತಿ. ನನ್ನ ಹೆಸರು ಹೇಳಿ, ಡಾಕ್ಟರು ಬೇಡ ಎಂದರು ಅಂತ ಹೇಳಿಬಿಡಿ. ಸಿಟ್ಟು ಬಂದರೆ ನನ್ನ ಮೇಲೆ ಬರಲಿ.

ಅವ್ವನಿಗೆ ರಾತ್ರಿ ದಡದ ಮನೆಯಲ್ಲಿ ಮಲಗುತ್ತೇನೆ ಎಂದು ತಿಳಿಸಿ, ಖಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿ ಕಟ್ಟಿಕೊಡಲು ಹೇಳಿ. ಅಲ್ಲಿಯ ಬ್ರೆಡ್ಡು, ಹಣ್ಣು ಐಸ್ ಮೇಲೆ ಕಲ್ಲಾಗುತ್ತವೆ. ಒಣಗಿದ ಜೋಳದ ರೊಟ್ಟಿಯಲ್ಲಿ ನೀರೇ ಇಲ್ಲವಾದ್ದರಿಂದ ಆ ಚಳಿಯಲ್ಲೂ ಮುರಿದು ತಿನ್ನಬಹುದು. ನಾನು ಪ್ರತಿ ಚಳಿಗಾಲ ಅದನ್ನೇ ಒಯ್ಯುತ್ತಿದ್ದೆ. ವಿಮಾನ ಇಳಿದಾಗ ಆಹಾರ ತಂದಿದ್ದೇನೆ ಎಂದು ಕಸ್ಟಮ್ಸ್‌ನವರಿಗೆ ತಪ್ಪದೆ ತಿಳಿಸಿ.